ಸ್ವಿಂಗ್ ಮುಟ್ಟುವ ಮೊದಲು

ತಂಗೀ, ನಿನ್ನ ಆಟ ಎಲ್ಲಿಗೂ ಹೋಗಿಲ್ಲ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ವರ್ಷಗಟ್ಟಲೆ ಬೆಳಗಿನ ನಿದ್ದೆ ಬಿಟ್ಟು ಕಲಿತ ವಿದ್ಯೆ ಮೂರು ತಿಂಗಳಲ್ಲಿ ಕೈಬಿಟ್ಟು ಹೋಗುವುದಿಲ್ಲ. "ಎಂತ ಮಾಡಿದ್ರೂ ಬಾಲು ಬಲಕ್ಕೇ ಹೋಗ್ತು ದೊಡ್ಡಪ್ಪಾ, ಆಟವೇ ಬಿಟ್ಬಿಡ್ತಿ" ಅಂದೆಯಲ್ಲ, ಎಲ್ಲರೂ ಕವಳದ ಹರಿವಾಣದ ಸುತ್ತ ಕೂತಿದ್ದಾಗ ಅದಕ್ಕೆ ಉತ್ತರ ಹೇಳುವುದು ಬೇಡವೆನಿಸಿತು. ಗಾಲ್ಫ್ ಅಂದರೆ ಏನೆಂದು ಉಳಿದವರಿಗೆ ವಿವರಿಸುವುದರಲ್ಲೇ ಸಂಜೆ ಮುಗಿಯುತ್ತಿತ್ತು. ಬೆಂಗಳೂರಿನಲ್ಲಿ ನೌಕರಿ ಮಾಡಿದಷ್ಟು ಕಾಲವೂ ನಾನು ಭಾನುವಾರದ ಆಟ ತಪ್ಪಿಸಿದವನಲ್ಲ. ಆ ಸಲಿಗೆಯಿಂದ ಇದನ್ನು ಬರೆದು ಕೊಡುತ್ತಿದ್ದೇನೆ. ನಿಧಾನವಾಗಿ ಓದು.

ನೀನು ಆಫೀಸಿನ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತುಕೊಂಡು ಮಳೆಗಾಲ ಕಳೆಯಲು ಬೆಂಗಳೂರಿನಿಂದ ಮತ್ತಿಘಟ್ಟಕ್ಕೆ ಬಂದದ್ದು ಒಳ್ಳೆಯದೇ ಆಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರೂ ತಾಲೂಕು ಸುತ್ತಿದರೂ ಗಾಲ್ಫ್ ಮೈದಾನ ಸಿಗುವುದಿಲ್ಲ. ಇದ್ದಿದ್ದರೂ ಈ ಆಷಾಢದ ಮಳೆಯಲ್ಲಿ ಯಾರೂ ಕಾಲಿಡುತ್ತಿರಲಿಲ್ಲ. ಆಟ ಕೆಟ್ಟವರು ಸಾಮಾನ್ಯವಾಗಿ ಇನ್ನಷ್ಟು ಆಡಲು ಹೋಗುತ್ತಾರೆ. ವಾರಕ್ಕೆ ಒಂದಿದ್ದ ರೌಂಡ್ ಎರಡಾಗುತ್ತದೆ, ಡ್ರೈವಿಂಗ್ ರೇಂಜಿನಲ್ಲಿ ಒಂದು ಬುಟ್ಟಿ ಚೆಂಡಿನ ಬದಲು ಮೂರು ಬುಟ್ಟಿ. ತಪ್ಪು ಹೊಡೆತವನ್ನೇ ಮುನ್ನೂರು ಸಲ ಹೊಡೆದರೆ ಮೈ ಆ ತಪ್ಪನ್ನೇ ಚೆನ್ನಾಗಿ ಕಲಿಯುತ್ತದೆ. ಮಳೆ ನಿನ್ನನ್ನು ಅದರಿಂದ ಬಿಡಿಸಿದೆ.

ಈಗ ನಿನ್ನ ಫೋನಿನಲ್ಲಿರುವ ಸ್ಕೋರ್‌ಕಾರ್ಡುಗಳನ್ನು ತೆಗೆ. ಕೆಳಗಿನ ಮೊತ್ತ ಬಿಟ್ಟುಬಿಡು, ಒಂದೊಂದೇ ಹೋಲ್ ನೋಡುತ್ತ ಬಾ. ನೀನು ತೋರಿಸಿದಷ್ಟರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಹೇಳುತ್ತೇನೆ: ಗ್ರೀನ್ ಮೇಲಿನ ಪಟ್‌ಗಳ ಲೆಕ್ಕ ಹೋದ ವರ್ಷದ್ದೇ ಇದೆ. ಸಣ್ಣ ಪಾರ್ 3 ಹೋಲ್‌ಗಳಲ್ಲಿ ಏನೂ ಕೆಟ್ಟಿಲ್ಲ. ಕೆಟ್ಟಿರುವುದು ಪ್ರತಿ ರೌಂಡಿನಲ್ಲೂ ನಾಲ್ಕೈದು ಹೋಲ್, ಅವಷ್ಟೂ ಡ್ರೈವರ್ ಕೈಗೆತ್ತಿಕೊಂಡ ಹೋಲ್‌ಗಳು. ಚೆಂಡು ಬಲಕ್ಕೆ ಹೊರಳಿ ಗಡಿಕಲ್ಲಿನ ಆಚೆ ಹೋದರೆ ಆ ಹೊಡೆತ ದಂಡ, ಮೇಲೆ ಇನ್ನೊಂದು ಶಾಟ್ ದಂಡ, ಮತ್ತೆ ನಿಂತ ಜಾಗದಿಂದಲೇ ಹೊಡೆಯಬೇಕು. ಐದು ಸಲ ಹೀಗಾದರೆ ಹತ್ತು ಶಾಟ್ ಅಲ್ಲೇ ಹೋದವು. 88 ಇದ್ದದ್ದು 98 ಆಗುವುದಕ್ಕೆ ಬೇರೆ ಕಾರಣವೇ ಬೇಡ. ಹಾಗಾದರೆ ಕೆಟ್ಟಿರುವುದು ನಿನ್ನ ಆಟವಲ್ಲ, ಆಟದೊಳಗಿನ ಒಂದು ಹೊಡೆತ. ಈ ಎರಡರ ನಡುವೆ ಬಹಳ ದೂರವಿದೆ, ಮಾರಾಯ್ತಿ. ಇಡೀ ಆಟವೇ ಹೋಯಿತು ಅಂದುಕೊಂಡವರು ಎಲ್ಲವನ್ನೂ ಕೆದಕಿ, ಚೆನ್ನಾಗಿದ್ದ ಚಿಪ್ಪನ್ನೂ ಪಟ್ಟನ್ನೂ ಕೆಡಿಸಿಕೊಳ್ಳುತ್ತಾರೆ.

ಆಟ ಕೆಟ್ಟಾಗ "ಪಟಿಂಗ್ ಸರಿ ಮಾಡಿಕೋ, ಎಲ್ಲ ಸರಿಯಾಗುತ್ತದೆ" ಎಂದು ಹೇಳುವವರು ಕ್ಲಬ್ಬಿನಲ್ಲಿ ತುಂಬ ಜನ ಸಿಗುತ್ತಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರೋಡಿ ಅಮೆರಿಕದ ವೃತ್ತಿಪರ ಆಟಗಾರರ ಲಕ್ಷಾಂತರ ಹೊಡೆತಗಳ ಅಳತೆ ಹಿಡಿದು ಲೆಕ್ಕ ಹಾಕಿ 2014ರಲ್ಲಿ ಪುಸ್ತಕ ಬರೆದರು. ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ದೂರದ ಹೊಡೆತಗಳಿಂದ ಬರುತ್ತದೆ ಎಂದು ಆ ಲೆಕ್ಕ ತೋರಿಸಿತು. ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ, ನಿನ್ನಂಥವರು ಅದನ್ನು ಗಟ್ಟಿಯಾಗಿ ನೆನಪಿಡಬೇಕು. ಎಂಟು ಅಡಿಯ ಪಟ್ ಅನ್ನು ಜಗತ್ತಿನ ಅತ್ಯುತ್ತಮ ವೃತ್ತಿಪರರೂ ಹಾಕುವುದು ಎರಡರಲ್ಲಿ ಒಂದು ಸಲ. 90 ಹೊಡೆಯುವ ಹವ್ಯಾಸಿಗೆ ಐದು ಅಡಿಯದ್ದೇ ಆ ಮಟ್ಟ. ನೀನು ಆರು ಅಡಿಯದ್ದು ತಪ್ಪಿದಾಗಲೆಲ್ಲ ತಲೆ ಚಚ್ಚಿಕೊಳ್ಳುತ್ತೀ. ಅದು ತಪ್ಪುವುದು ಆಟದ ಸಹಜ ನಡೆ.

ನಿಮ್ಮ ಹ್ಯಾಂಡಿಕ್ಯಾಪ್ ಲೆಕ್ಕವನ್ನೇ ನೋಡು. ಜಗತ್ತಿನಾದ್ಯಂತ ಒಂದೇ ಪದ್ಧತಿ ಇರಲೆಂದು 2020ರಲ್ಲಿ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ಬಂತು. ಕೊನೆಯ 20 ರೌಂಡುಗಳಲ್ಲಿ ಚೆನ್ನಾದ 8 ಮಾತ್ರ ತೆಗೆದುಕೊಂಡು ಸರಾಸರಿ ಹಾಕುತ್ತಾರೆ, ಉಳಿದ 12 ಲೆಕ್ಕಕ್ಕೇ ಇಲ್ಲ. ಅಷ್ಟೇ ಅಲ್ಲ, ಒಂದು ವರ್ಷದೊಳಗಿನ ನಿನ್ನ ಅತಿ ಕಡಿಮೆ ಹ್ಯಾಂಡಿಕ್ಯಾಪಿಗಿಂತ 3 ಮೇಲೇರಿದ ಕೂಡಲೇ ಏರಿಕೆಯನ್ನು ಅರ್ಧಕ್ಕೆ ಇಳಿಸುತ್ತಾರೆ, 5ರ ಮೇಲೆ ಏರಲು ಬಿಡುವುದೇ ಇಲ್ಲ. ನಿಯಮ ಮಾಡಿದವರು ಗಾಲ್ಫ್ ಚೆನ್ನಾಗಿ ಬಲ್ಲವರು. ಆಡುವವರೆಲ್ಲರಿಗೂ ಕೆಟ್ಟ ಕಾಲ ಬರುತ್ತದೆ, ಬಂದದ್ದು ಹೋಗುತ್ತದೆ ಎಂದು ಗೊತ್ತಿದ್ದೇ ಆ ಮಿತಿ ಹಾಕಿದ್ದಾರೆ. ನೀನೊಬ್ಬಳೇ ಇಪ್ಪತ್ತಕ್ಕೆ ಇಪ್ಪತ್ತೂ ಚೆನ್ನಾಗಿರಬೇಕೆಂದು ಹಟ ಹಿಡಿದಿದ್ದೀ.

ಅದಿತಿ ಅಶೋಕ್ ಬಗ್ಗೆ ನಿನಗೆ ಗೊತ್ತಿರುವುದು ಟೋಕಿಯೋ ಒಲಿಂಪಿಕ್ಸಿನ ಕಥೆ. 2021ರ ಆಗಸ್ಟಿನಲ್ಲಿ ನಾಲ್ಕನೆಯ ಸ್ಥಾನ, ಕಂಚು ತಪ್ಪಿದ್ದು ಒಂದೇ ಒಂದು ಶಾಟಿನಲ್ಲಿ. ಆ ವರ್ಷ ಕೋವಿಡ್ ಆಗಿ ಆಕೆಯ ಮೈಯ ಕಸುವು ಇಳಿದಿತ್ತು, ಚೆಂಡು ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ. ದೂರ ಹೊಡೆಯುವವರ ನಡುವೆ ಪಟರ್ ನಂಬಿಕೊಂಡು ನಾಲ್ಕೂ ದಿನ ಪದಕದ ಸಾಲಿನಲ್ಲಿ ನಿಂತಳು. ನಾನು ಹೇಳಹೊರಟಿರುವುದು ಅದಕ್ಕಿಂತ ಎರಡು ವರ್ಷ ಆಚೆಯ ಮಾತು. ಹಾಂಗ್‌ಝೌ ಏಷ್ಯನ್ ಗೇಮ್ಸ್, 2023. ಮೂರನೆಯ ದಿನ 61 ಹೊಡೆದಳು, ಪಾರ್‌ಗಿಂತ 11 ಕಡಿಮೆ. ಕೊನೆಯ ದಿನ ಬೆಳಿಗ್ಗೆ ಏಳು ಶಾಟ್ ಮುಂದಿದ್ದಳು, ಚಿನ್ನ ಅವಳದ್ದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಆ ದಿನ ಹೊಡೆದದ್ದು 77. ಥಾಯ್ಲೆಂಡಿನ ಹುಡುಗಿ ಚಿನ್ನ ಒಯ್ದಳು, ಅದಿತಿಗೆ ಬೆಳ್ಳಿ. ಒಂದೇ ಮೈದಾನ, ಅದೇ ಕ್ಲಬ್‌ಗಳು, ಅದೇ ಕೈ, ಒಂದು ರಾತ್ರಿಯ ಅಂತರದಲ್ಲಿ 16 ಶಾಟ್ ವ್ಯತ್ಯಾಸ. ಆ ರಾತ್ರಿ ಅವಳು ಗಾಲ್ಫ್ ಮರೆತಳೇ? ನವೆಂಬರ್ ಕೊನೆಗೆ ಅದೇ ಅದಿತಿ ಸ್ಪೇನಿನಲ್ಲಿ ಲೇಡೀಸ್ ಯುರೋಪಿಯನ್ ಟೂರಿನ ಓಪನ್ ಗೆದ್ದಳು. ಎರಡು ತಿಂಗಳೂ ಆಗಿರಲಿಲ್ಲ. ನಿಮ್ಮ ಚಲ್ಲಘಟ್ಟದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಆಡಿ ಬೆಳೆದ ಹುಡುಗಿ ಅವಳು, ನೀನು ಪಟ್ ಮಾಡುವ ಗ್ರೀನ್‌ನಲ್ಲೇ ಪಟ್ ಕಲಿತವಳು.

ಬೆಂಗಳೂರಿನವನೇ ಅನ್ನಬಹುದಾದ ಅನಿರ್ಬನ್ ಲಾಹಿರಿಯದ್ದು ಇನ್ನೂ ಉದ್ದದ ಹಾದಿ. 2015ರಲ್ಲಿ ಅಮೆರಿಕದ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಐದನೆಯ ಸ್ಥಾನ ಹಂಚಿಕೊಂಡ. ಆ ವರ್ಷವೇ ಪ್ರೆಸಿಡೆಂಟ್ಸ್ ಕಪ್‌ನಲ್ಲಿ ಆಡಿದ ಮೊದಲ ಭಾರತೀಯನಾದ, ಅಲ್ಲಿ ಕೊನೆಯ ಹೋಲ್‌ನಲ್ಲಿ ನಾಲ್ಕು ಅಡಿಯಷ್ಟರ ಪಟ್ ತಪ್ಪಿ ಪಂದ್ಯ ಸೋತ. ಮುಂದೆ ಶ್ರೇಯಾಂಕ ಇಳಿಯುತ್ತಲೇ ಹೋಯಿತು. ಒಂದು ವರ್ಷ ಎರಡು ವರ್ಷದ ಮಾತಲ್ಲ. 2022ರ ಮಾರ್ಚಿನಲ್ಲಿ ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನಲ್ಲಿ ಒಂದೇ ಶಾಟಿನಿಂದ ಎರಡನೆಯವನಾದಾಗ ಅವನನ್ನು ಬಹಳ ಜನ ಮರೆತೇಬಿಟ್ಟಿದ್ದರು. ಅಷ್ಟೂ ವರ್ಷ ಅವನು ಎಳವೆಯ ಗುರು ವಿಜಯ್ ದಿವೇಚಾ ಅವರ ಸಂಗ ಬಿಟ್ಟಿರಲಿಲ್ಲ. ಇದನ್ನು ಮುಂದೆ ಮತ್ತೆ ಹೇಳುತ್ತೇನೆ.

ಈಗ ನಿನ್ನ ಡ್ರೈವರ್. ಚೆಂಡು ಬಲಕ್ಕೆ ಹೋಗುತ್ತದೆ ಅಂತ ನೀನು ಏನು ಮಾಡುತ್ತಿದ್ದೀ ಎಂದು ನಾನೇ ಹೇಳಲೇ? ಸ್ವಲ್ಪ ಸ್ವಲ್ಪವೇ ಎಡಕ್ಕೆ ತಿರುಗಿ ನಿಲ್ಲುತ್ತಿದ್ದೀ. ಬಲಕ್ಕೆ ಹೋಗುವುದಾದರೆ ಎಡಕ್ಕೆ ಗುರಿ ಇಟ್ಟರೆ ನಡುವೆ ಬೀಳುತ್ತದೆ ಎಂದು ಲೆಕ್ಕ. ಆಗುವುದು ತದ್ವಿರುದ್ಧ. ಭುಜ ಎಡಕ್ಕೆ ತಿರುಗಿದರೆ ಕ್ಲಬ್ ಹೊರಗಿನಿಂದ ಒಳಕ್ಕೆ ಅಡ್ಡವಾಗಿ ಬೀಸುತ್ತದೆ. ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುವುದು ಮುಟ್ಟುವ ಕ್ಷಣದಲ್ಲಿ ಕ್ಲಬ್ಬಿನ ಮುಖ ನೋಡುವ ದಿಕ್ಕು. ಆಮೇಲೆ ಗಾಳಿಯಲ್ಲಿ ಎಷ್ಟು ಹೊರಳುತ್ತದೆ ಎನ್ನುವುದು ಬೀಸಿದ ಹಾದಿಗೂ ಮುಖಕ್ಕೂ ಇರುವ ಕೋನದ ಮೇಲೆ ನಿಂತಿದೆ. ಹಾದಿ ಎಡಕ್ಕೆ ಹೋದಷ್ಟೂ, ಮುಖ ಅದಕ್ಕೆ ಹೋಲಿಸಿದರೆ ಬಲಕ್ಕೆ ತೆರೆದಷ್ಟೂ, ಚೆಂಡು ಹೆಚ್ಚು ಹೆಚ್ಚು ಬಲಕ್ಕೆ ಬಾಗುತ್ತದೆ. ಅದನ್ನು ಕಂಡು ನೀನು ಇನ್ನಷ್ಟು ಎಡಕ್ಕೆ ತಿರುಗುತ್ತೀ. ಮೂರು ತಿಂಗಳು ಹೀಗೇ ನಡೆದರೆ ನೂರರ ಹತ್ತಿರ ಹೊಡೆಯುವುದರಲ್ಲಿ ಆಶ್ಚರ್ಯವೇನು? ಇದರಲ್ಲಿ ಸ್ವಿಂಗಿನ ದೋಷ ಎಂದು ಕಾಣುವುದೆಲ್ಲ ನಿಂತ ಭಂಗಿಯ ದೋಷ. ಸ್ವಿಂಗ್ ಶುರುವಾಗುವುದಕ್ಕೆ ಮೊದಲೇ ಅದು ಕೆಟ್ಟಿರುತ್ತದೆ.

ಸ್ವಿಂಗನ್ನು ಬಿಚ್ಚಿ ಹೊಸದಾಗಿ ಕಟ್ಟಬೇಡ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಕ್ಲಬ್ ಅಲುಗುವ ಮೊದಲಿನ ನಾಲ್ಕು ಸಂಗತಿ ನೋಡಿಕೋ: ಹಿಡಿತ, ಪಾದ ಮತ್ತು ಭುಜದ ಸಾಲು, ಚೆಂಡಿನ ಜಾಗ, ಹಿಡಿತದ ಬಿಗಿ. ಹಿಡಿಯ ಮೇಲೆ ಎಡಗೈ ಎಡಕ್ಕೆ ಜಾರಿದರೆ ಮುಖ ತೆರೆದುಕೊಳ್ಳುತ್ತದೆ. ಕನ್ನಡಿಯ ಎದುರು ನಿಂತು ನೋಡು, ಎಡಗೈಯ ಎರಡು ಗೆಣ್ಣಾದರೂ ನಿನ್ನ ಕಣ್ಣಿಗೆ ಕಾಣಬೇಕು. ಡ್ರೈವರಿಗೆ ಚೆಂಡು ಎಡ ಹಿಮ್ಮಡಿಯ ನೇರದಲ್ಲಿ ಇರಬೇಕು. ಅದು ಒಂದು ಗೇಣು ಮುಂದೆ ಸರಿದರೆ ಅದನ್ನು ಮುಟ್ಟಲು ಭುಜ ತಾನಾಗಿಯೇ ಎಡಕ್ಕೆ ತೆರೆಯುತ್ತದೆ. ಹೆದರಿದವರ ಕೈ ಬಿಗಿಯುತ್ತದೆ, ಬಿಗಿದ ಕೈಯಲ್ಲಿ ಕ್ಲಬ್ಬಿನ ಮುಖ ಸಮಯಕ್ಕೆ ತಿರುಗುವುದಿಲ್ಲ. ಈ ನಾಲ್ಕರಲ್ಲಿ ಯಾವುದು ಸರಿದಿದೆ ಎಂದು ತಾನೇ ಕಾಣುವುದು ಕಷ್ಟ, ದಿನಕ್ಕೆ ಒಂದು ಕೂದಲೆಳೆಯಷ್ಟು ಸರಿಯುವುದು ಗೊತ್ತೇ ಆಗುವುದಿಲ್ಲ.

ಗೊತ್ತಾಗುವುದು ಪಕ್ಕದಲ್ಲಿ ನಿಂತವರಿಗೆ. 1995ರ ಮಾಸ್ಟರ್ಸ್‌ಗೆ ಬೆನ್ ಕ್ರೆನ್‌ಶಾ ಬಂದಾಗ ಅವನಿಗೆ 43 ವರ್ಷ, ಆ ವರ್ಷದ ಆಟ ಹೇಳಿಕೊಳ್ಳುವಂತಿರಲಿಲ್ಲ. ಎಳವೆಯಿಂದ ಕಲಿಸಿದ ಗುರು ಹಾರ್ವಿ ಪೆನಿಕ್ ಅದೇ ವಾರ ತೀರಿಕೊಂಡಿದ್ದರು, ಶವಸಂಸ್ಕಾರ ಮುಗಿಸಿ ಆಗಸ್ಟಾಕ್ಕೆ ಹಿಂದಿರುಗಿ ಆಡಿದ. ಅಭ್ಯಾಸದಲ್ಲಿ ಅವನನ್ನು ನೋಡಿದ ಕ್ಯಾಡಿ ಕಾರ್ಲ್ ಜ್ಯಾಕ್ಸನ್ ಎರಡೇ ಮಾತು ಹೇಳಿದ: ಚೆಂಡನ್ನು ಸ್ವಲ್ಪ ಹಿಂದಕ್ಕೆ ಇಟ್ಟುಕೋ, ಭುಜ ಇನ್ನೂ ಬಿಗಿಯಾಗಿ ತಿರುಗಿಸು. ಅಷ್ಟರಲ್ಲೇ ಹೊಡೆತ ಸರಿಹೋಯಿತು. ಆ ಭಾನುವಾರ ಕ್ರೆನ್‌ಶಾ ಮಾಸ್ಟರ್ಸ್ ಗೆದ್ದ. ನಿನ್ನ ಕ್ಲಬ್ಬಿನ ಹಳೆಯ ಕ್ಯಾಡಿಗಳಲ್ಲಿ ನಿನ್ನ ಆಟ ಚೆನ್ನಾಗಿದ್ದಾಗ ಜೊತೆಗೆ ನಡೆದವರು ಇರಬೇಕಲ್ಲ? ಅವರಿಗೆ ನಿನ್ನ ಒಳ್ಳೆಯ ಸ್ವಿಂಗ್ ನೆನಪಿದೆ. ಹೋದ ಕೂಡಲೇ ಅವರಲ್ಲೊಬ್ಬರನ್ನು ವಿನಯದಿಂದ ಕೇಳು, "ಅಣ್ಣಾ, ಮೊದಲು ನಾನು ಹೀಗೇ ನಿಲ್ಲುತ್ತಿದ್ದೆನಾ?" ಅಂತ. ಇಂಗ್ಲಿಷ್ ಪುಸ್ತಕ ಓದಿದ ನಮ್ಮಂಥವರು ಅವರ ಕಣ್ಣಿಗೆ ಕೊಡಬೇಕಾದ ಬೆಲೆ ಕೊಟ್ಟಿಲ್ಲ, ಇದು ನನ್ನ ಬಹುಕಾಲದ ನೋವು.

ಅಲ್ಲಿಯವರೆಗೆ ಮತ್ತಿಘಟ್ಟದಲ್ಲಿ ಏನು ಮಾಡಬಹುದು? ಬಹಳ ಇದೆ. ಜಗಲಿಯಲ್ಲಿ ಜಮಖಾನ ಹಾಸು. ಗಾಲ್ಫ್ ಹೋಲ್‌ನ ಅಗಲ 108 ಮಿಲಿಮೀಟರ್. ನಮ್ಮ ಕಾಫಿ ಲೋಟ ಅದಕ್ಕಿಂತ ಎಷ್ಟೋ ಕಿರಿದು, ಅದನ್ನು ಅಡ್ಡ ಮಲಗಿಸಿ ಮೂರಡಿಯಿಂದ ಪಟ್ ಮಾಡು. ಲೋಟದ ಬಾಯಿಗೆ ಕಣ್ಣು ಒಗ್ಗಿದ ಮೇಲೆ ಗ್ರೀನ್ ಮೇಲಿನ ಹೋಲ್ ದೊಡ್ಡದಾಗಿ ಕಾಣುತ್ತದೆ. ಸಂಜೆ ಊಟಕ್ಕೆ ಮೊದಲು ಅರ್ಧ ಗಂಟೆ ಸಾಕು. ಪಟ್ ನಿನ್ನ ತೊಂದರೆಯಲ್ಲ, ಅದು ಗೊತ್ತು. ಆದರೆ ಚೆಂಡು ಲೋಟದೊಳಗೆ ಹೋಗಿ ಟಣ್ ಅನ್ನುವುದನ್ನು ದಿನಾ ಕೇಳುವುದು ನಿನಗೆ ಈಗ ಬೇಕು. ಮೂರು ತಿಂಗಳಿಂದ ನಿನ್ನ ಕಿವಿ ಕಾಡಿನೊಳಗೆ ಬಿದ್ದ ಚೆಂಡಿನ ಸದ್ದನ್ನಷ್ಟೇ ಕೇಳಿದೆ.

ಮಳೆ ಹೊಳವಾದಾಗ ಅಂಗಳಕ್ಕೆ ಇಳಿ. ಎರಡು ಕೊಡೆಗಳನ್ನು ನೆಲದ ಮೇಲೆ ಸಾಲಾಗಿ ಇಡು, ಒಂದು ಗುರಿಯ ಕಡೆಗೆ, ಇನ್ನೊಂದು ಪಾದದ ಸಾಲಿಗೆ. ತೋಟದ ಅಂಚಿನ ಯಾವುದಾದರೂ ಅಡಿಕೆ ಮರ ಗುರಿಯಾಗಲಿ. ಅದರ ಕಡೆಗೆ ನೇರವಾಗಿ ನಿಂತಾಗ ನಿನಗೆ ಬಲಕ್ಕೆ ತಿರುಗಿದ ಹಾಗೆ ಅನ್ನಿಸುತ್ತದೆ ನೋಡು. ಅನ್ನಿಸಲಿ. ಅಷ್ಟರಮಟ್ಟಿಗೆ ನೀನು ಎಡಕ್ಕೆ ಸರಿದಿದ್ದೀ ಎಂದು ಅದೇ ಸಾಕ್ಷಿ. ಚೆಂಡಿಲ್ಲದೆ ನಿಲ್ಲು, ಹಿಂದೆ ಸರಿ, ಮತ್ತೆ ನಿಲ್ಲು. ಆ ನಿಲುವು ಸಹಜ ಅನ್ನಿಸುವ ತನಕ ಇದೇ ಕೆಲಸ. ಜಾರುವ ಹಾವಸೆಯ ಮೇಲೆ ಮಾತ್ರ ಬೀಸಬೇಡ, ಸೊಂಟ ಉಳುಕಿದರೆ ಹಬ್ಬದವರೆಗೆ ಮಲಗಬೇಕಾಗುತ್ತದೆ.

ನಿಲುವು ಸರಿಯಾದ ಮೇಲೆ ಲಯ. ಕಷ್ಟದಲ್ಲಿರುವವರು ಮೇಲಿನಿಂದ ಅವಸರದಲ್ಲಿ ಕೆಳಕ್ಕೆ ಎಳೆಯುತ್ತಾರೆ. ಜಾನ್ ನೊವೊಸೆಲ್ ಎಂಬ ಅಮೆರಿಕನ್ ದೊಡ್ಡ ದೊಡ್ಡ ಆಟಗಾರರ ವಿಡಿಯೋಗಳ ಒಂದೊಂದು ಚೌಕಟ್ಟನ್ನೂ ಎಣಿಸಿ ನೋಡಿದ. ಬೀಸು ವೇಗದ್ದಿರಲಿ, ನಿಧಾನದ್ದಿರಲಿ, ಕ್ಲಬ್ ಹಿಂದಕ್ಕೆ ಹೋಗುವ ಹೊತ್ತು ಮೂರು ಪಾಲಾದರೆ ಇಳಿದು ಚೆಂಡು ಮುಟ್ಟುವ ಹೊತ್ತು ಒಂದು ಪಾಲು, ಹೆಚ್ಚುಕಡಿಮೆ ಎಲ್ಲರಲ್ಲೂ. ನಿನಗೆ ಇದು ಅರ್ಥವಾಗುವುದು ಸುಲಭ, ಯಕ್ಷಗಾನ ನೋಡುತ್ತ ಬೆಳೆದವಳು ನೀನು. ವೇಷ ಎಷ್ಟೇ ಬಿರುಸಿನ ಧೀಂಗಿಣ ಹಾಕಲಿ, ಭಾಗವತರ ಜಾಗಟೆ ಅವಸರ ಮಾಡುವುದಿಲ್ಲ. ಕುಣಿತ ಆ ಪೆಟ್ಟಿಗೇ ಬಂದು ಕೂರುತ್ತದೆ. ನೀನೂ ಅಂಗಳದಲ್ಲಿ ಬಾಯಲ್ಲಿ ಒಂದು-ಎರಡು-ಮೂರು ಎಂದು ಎಣಿಸುತ್ತ ಕ್ಲಬ್ ಹಿಂದೆ ಒಯ್ದು, ನಾಲ್ಕಕ್ಕೆ ಮುಟ್ಟು. ಮುಖ ಬಿಗಿದುಕೊಂಡು ಎಣಿಸಬೇಡ, ಹಾಡಿನಂತೆ ಎಣಿಸು.

ರಾತ್ರಿ ಮಲಗುವ ಮುಂಚೆ ಯೂಟ್ಯೂಬಿನಲ್ಲಿ ಸ್ವಿಂಗ್ ಪಾಠ ನೋಡುವುದನ್ನು ಇಂದಿನಿಂದ ನಿಲ್ಲಿಸು. ಇದೊಂದು ವಿಷಯದಲ್ಲಿ ನಾನು ಕಠಿಣ. ಒಬ್ಬ ಹೇಳುವುದು ಸೊಂಟದಿಂದ ಶುರುಮಾಡು, ಇನ್ನೊಬ್ಬ ಹೇಳುವುದು ಸೊಂಟ ಅಲುಗಿಸಲೇಬೇಡ. ಇಬ್ಬರೂ ತಂತಮ್ಮ ಶಿಷ್ಯನಿಗೆ ಸರಿಯಾದದ್ದನ್ನೇ ಹೇಳಿರಬಹುದು, ಅವರಲ್ಲಿ ಯಾರೂ ನಿನ್ನನ್ನು ನೋಡಿದವರಲ್ಲ. ಲಾಹಿರಿಯ ಮಾತು ಇಲ್ಲಿಗೆ ಬರುತ್ತದೆ: ಜಗತ್ತಿನ ಯಾವ ಕೋಚನ್ನಾದರೂ ಹಿಡಿಯಬಹುದಾಗಿದ್ದವನು ತನ್ನನ್ನು ಹುಡುಗನಾಗಿದ್ದಾಗಿಂದ ಕಂಡವರ ಕಣ್ಣನ್ನು ನಂಬಿದ. ನಿನಗೂ ಒಬ್ಬರೇ ಗುರು ಇರಲಿ. ಅವರು ಒಂದು ಬದಲಾವಣೆ ಹೇಳಿದರೆ ಅದನ್ನೊಂದನ್ನೇ ಕೆಲವು ವಾರ ಹಿಡಿ. ಮೊದಮೊದಲು ಆಟ ಇನ್ನೂ ಕೆಡಬಹುದು, ಗಾಬರಿಯಾಗಬೇಡ. ಎರಡೇ ದಿನಕ್ಕೆ ಅದನ್ನೂ ಬಿಟ್ಟು ಮತ್ತೊಂದನ್ನು ಹಿಡಿದವರು ನನಗೆ ಗೊತ್ತಿರುವಷ್ಟು ಮಟ್ಟಿಗೆ ಇನ್ನೂ ಹುಡುಕುತ್ತಲೇ ಇದ್ದಾರೆ.

ಸಾಮಾನು ಸರಂಜಾಮು ದೂರಬೇಡ. ಹೊಸ ಡ್ರೈವರಿಗೆ ದುಡ್ಡು ಸುರಿಯುವ ಬದಲು ಹಿಡಿಯ ರಬ್ಬರ್ ಸವೆದಿದ್ದರೆ ಅದನ್ನು ಬದಲಿಸು, ಸವೆದ ರಬ್ಬರ್ ಹಿಡಿದ ಕೈ ಬಿಗಿಯುತ್ತದೆ. ಭುಜವೋ ಬೆನ್ನೋ ನೋಯುತ್ತಿದ್ದರೆ ಅದನ್ನು ಮುಚ್ಚಿಟ್ಟು ಆಡಬೇಡ, ಮೊದಲು ವೈದ್ಯರು, ಆಮೇಲೆ ಗಾಲ್ಫ್.

ಬೆಂಗಳೂರಿಗೆ ಹೋದ ಮೇಲೆ ಮೊದಲ ಒಂದು ತಿಂಗಳು ಪದಕದ ಪಂದ್ಯಗಳಿಗೆ ಹೆಸರು ಕೊಡಬೇಡ. ಒಂಬತ್ತು ಹೋಲ್ ಸಾಕು, ಅದೂ ಸ್ಟೇಬಲ್‌ಫೋರ್ಡ್ ಲೆಕ್ಕದಲ್ಲಿ ಆಡು. ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬವರು ಈ ಪದ್ಧತಿ ರೂಪಿಸಿದರು, ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ 1932ರಲ್ಲಿ ಅದರಲ್ಲಿ ಪಂದ್ಯ ಆಡಿಸಿದರು. ಶುರುವಿನಲ್ಲೇ ಒಂದೆರಡು ಹೋಲ್ ಕೆಟ್ಟರೆ ಜನ ಮನಸ್ಸು ಮುರಿದುಕೊಂಡು ಕಾರ್ಡು ಹರಿಯುತ್ತಾರೆ ಎನ್ನುವುದೇ ಅವರ ಚಿಂತೆಯಾಗಿತ್ತು. ಇದರಲ್ಲಿ ಒಂದು ಹೋಲ್‌ನಲ್ಲಿ ಎಷ್ಟೇ ಕೆಟ್ಟರೂ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಚೆಂಡು ಎತ್ತಿಕೊಂಡು ಮುಂದಿನ ಟೀಗೆ ನಡೆಯುವುದು. ಕಾರ್ಡು ಹರಿದವರಲ್ಲಿ ಬಾಬಿ ಜೋನ್ಸ್‌ನಂಥವನೂ ಇದ್ದ: 1921ರಲ್ಲಿ ಸೇಂಟ್ ಆಂಡ್ರೂಸಿನಲ್ಲಿ ಹನ್ನೊಂದನೆಯ ಹೋಲ್‌ನಲ್ಲೇ ಲೆಕ್ಕ ಬಿಟ್ಟ. ಆರು ವರ್ಷದ ಮೇಲೆ ಅದೇ ಮೈದಾನದಲ್ಲಿ ಓಪನ್ ಗೆದ್ದ.

ಡ್ರೈವರನ್ನು ಆ ತಿಂಗಳು ಚೀಲದಲ್ಲೇ ಬಿಡು, ಪಾರ್ 5ರಲ್ಲೂ. ಐದನೆಯ ಐರನ್ನೋ ಹೈಬ್ರಿಡ್ಡೋ ತೆಗೆದು ಫೇರ್‌ವೇ ಮೇಲೆ ಹಾಕು. ನಲವತ್ತು ಗಜ ಕಡಿಮೆಯಾದರೆ ಆಗಲಿ, ಗಡಿಯಾಚೆ ಹೋಗುವುದಕ್ಕಿಂತ ಎಷ್ಟೋ ಮೇಲು. ಜೊತೆಯವರು "ಯಾಕೆ, ಡ್ರೈವರ್ ಎಲ್ಲಿ?" ಎಂದು ಕೇಳುತ್ತಾರೆ, ಕೇಳೇ ಕೇಳುತ್ತಾರೆ. ನಕ್ಕು ಸುಮ್ಮನಿರು. ನಾಲ್ಕು ವಾರ ಚೆಂಡು ಕಣ್ಣೆದುರೇ ಬಿದ್ದ ಮೇಲೆ ಒಂದು ಬೆಳಿಗ್ಗೆ ಅಗಲವಾದ ಹೋಲ್ ನೋಡಿ ಡ್ರೈವರ್ ಹೊರಗೆ ತೆಗೆ. ಹಿಡಿತ, ಸಾಲು, ಚೆಂಡಿನ ಜಾಗ ನೋಡಿಕೋ, ಮೂರು ಎಣಿಸಿ ಹೊಡೆ. ಎಲ್ಲಿ ಬಿತ್ತು ಅಂತ ಅದೇ ದಿನ ನನಗೆ ಫೋನ್ ಮಾಡಿ ಹೇಳಬೇಕು. ಮಧ್ಯಾಹ್ನ ಮಾತ್ರ ಮಾಡಬೇಡ, ಆ ಹೊತ್ತಿಗೆ ನಾನು ತೋಟದಲ್ಲಿರುತ್ತೇನೆ, ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.